ಮೈಸೂರು ಸರಸ್ವತಿಪುರಂ ಕಡೆಯ ಒಂದು ಸ್ಪೋರ್ಟ್ಸ್ ಅಂಗಡಿ: ವಾಕಿಂಗ್ ಶೂಗೆ ಹೋಗಿ, ಯೋಗ ಮ್ಯಾಟಿಗೆ ಬೇಡ

ಪೂರ್ತಿ ಓದೋಕೆ ಟೈಮ್ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ವಾಕಿಂಗ್ ಶೂ ಬೇಕಿದ್ದರೆ ಯೋಚನೆ ಮಾಡದೆ ಹೋಗಿ. ಓಡುವ ಶೂ ಪರವಾಗಿಲ್ಲ. ಶಟಲ್ ಬ್ಯಾಟಿಗೆ ಗಟ್ಟಿಂಗ್, ಅಂದರೆ ಹೊಸ ದಾರ ಬಿಗಿಯುವುದು, ತುಂಬಾ ನೀಟಾಗಿ ಮಾಡಿಕೊಡುತ್ತಾರೆ. ಯೋಗ ಮ್ಯಾಟ್ ಮಾತ್ರ ಇಲ್ಲಿ ತಗೋಬೇಡಿ. ಹೆಂಗಸರ ಬಟ್ಟೆಯ ಬಗ್ಗೆ ಕೆಳಗೆ ಬೈದಿದ್ದೇನೆ, ಓದಿ.

ಅಂಗಡಿಯ ಹೆಸರು ಹಾಕುತ್ತಿಲ್ಲ. ಮಾಲೀಕರೇ ಬೇಡ ಅಂದರು. ವ್ಯಾಪಾರದ ಒಳಗುಟ್ಟೆಲ್ಲ ಹೇಳಿ ಮುಗಿಸಿದ ಮೇಲೆ "ಬೋರ್ಡ್ ಹೆಸರು ಹಾಕ್ಬೇಡಿ ಮೇಡಂ, ನಮ್ಮ ಡಿಸ್ಟ್ರಿಬ್ಯೂಟರ್ ಓದಿದ್ರೆ ನಂಗೆ ಕಷ್ಟ" ಅಂತ ನಕ್ಕರು. ಸರಸ್ವತಿಪುರಂ ಕಡೆ, ಕುಕ್ಕರಹಳ್ಳಿ ಕೆರೆಯಿಂದ ನಡೆದುಕೊಂಡು ಹೋಗುವಷ್ಟು ಹತ್ತಿರ. ಶಟರ್ ಅರ್ಧ ಕಿತ್ತಳೆ ಬಣ್ಣ, ಹೊರಗೆ ಒಂದು ಬಲೆ ತುಂಬಾ ಫುಟ್‌ಬಾಲ್ ನೇತುಹಾಕಿರುತ್ತಾರೆ. ಆ ಕಡೆಯವರಿಗೆ ಇಷ್ಟರಲ್ಲೇ ಗೊತ್ತಾಗುತ್ತದೆ ಬಿಡಿ.

ನಾನು ಹೋಗಿದ್ದು ಅಮ್ಮನಿಗೆ ಶೂ ತೆಗೆಯೋಕೆ. ಅಮ್ಮ ಇರೋದು ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ. ಗೃಹ ಆರೋಗ್ಯ ಅಂತ ರಾಜ್ಯ ಸರ್ಕಾರದ ಯೋಜನೆ ಇದೆಯಲ್ಲ, 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾಗಿ ಆಮೇಲೆ ಬೇರೆ ಜಿಲ್ಲೆಗಳಿಗೂ ಬಂತು, ಮನೆ ಬಾಗಿಲಿಗೇ ಬಂದು 30 ದಾಟಿದವರ ಬಿಪಿ, ಶುಗರ್ ನೋಡುವುದು. ಅದರಲ್ಲಿ ಅಮ್ಮನ ಶುಗರ್ ಸಿಕ್ಕಿಬಿತ್ತು. ಮಾತ್ರೆ ಕೊಟ್ಟರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಚೀಟಿಯ ಹಿಂದೆ "ನಡಿಗೆ, ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ" ಅಂತ ಬರೆದು ಕಳಿಸಿದರು. ಲೆಕ್ಕ ಹಾಕಿದರೆ ವಾರಕ್ಕೆ 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಕನಿಷ್ಠ ಇಷ್ಟಾದರೂ ಬೇಕು ಅಂತ ಹೇಳುವ ಅದೇ ಸಂಖ್ಯೆ. ಅಮ್ಮ ಹವಾಯಿ ಚಪ್ಪಲಿಯಲ್ಲೇ ನಡೆಯೋಕೆ ಶುರು ಮಾಡಿ ಹಿಮ್ಮಡಿ ಒಡೆದುಕೊಂಡಳು. ಶುಗರ್ ಇರುವವರ ಕಾಲಲ್ಲಿ ಗಾಯ ಆದರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮೈಸೂರಿಗೆ ಕರೆದುಕೊಂಡು ಬಂದೆ.

ಈ ಅಂಗಡಿಗಿಂತ ಮುಂಚೆ ಒಂದು ದೊಡ್ಡ ಶೋರೂಮಿಗೆ ಹೋಗಿದ್ದೆವು. ಎಸಿ, ಮ್ಯೂಸಿಕ್ಕು, ಕಾಲಿಡುವ ಒಂದು ಮೆಷಿನ್. ಅದರ ಮೇಲೆ ಅಮ್ಮನನ್ನು ನಿಲ್ಲಿಸಿ, ಕೆಂಪು ನೀಲಿ ಚಿತ್ರ ತೋರಿಸಿ, "ಆಂಟಿ ಪಾದ ಫ್ಲಾಟ್ ಇದೆ, ಈ ಶೂ ಹಾಕಿದ್ರೆ ಮಂಡಿನೋವು ಮೂರು ತಿಂಗಳಲ್ಲಿ ಹೋಗುತ್ತೆ" ಅಂದ ಹುಡುಗ. 8,999 ರೂಪಾಯಿ. ಅಮ್ಮನಿಗೆ ಮಂಡಿನೋವೇ ಇಲ್ಲ.

ಇಂಥ ಮಾತಿಗೆ ಅಮೆರಿಕದಲ್ಲಿ ಎಷ್ಟು ದಂಡ ಬಿದ್ದಿದೆ ಗೊತ್ತಾ? ನಡೆದರೆ ಸಾಕು ತೊಡೆ, ಪೃಷ್ಠ ಗಟ್ಟಿಯಾಗುತ್ತದೆ ಅಂತ ಜಾಹೀರಾತು ಕೊಟ್ಟಿದ್ದಕ್ಕೆ 2011ರಲ್ಲಿ ರೀಬಾಕ್ 2.5 ಕೋಟಿ ಡಾಲರ್ ಕಟ್ಟಲು ಒಪ್ಪಿತು, ಈಸಿಟೋನ್ ಅನ್ನುವ ಶೂ ಅದು. ಮಾರನೇ ವರ್ಷ ಸ್ಕೆಚರ್ಸ್ ಶೇಪ್‌ಅಪ್ಸ್ ವಿಚಾರದಲ್ಲಿ 4 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಗ್ರಾಹಕರಿಗೆ ಮೋಸ ಆಗದಂತೆ ನೋಡುವ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹಿಡಿದದ್ದು ಒಂದೇ ವಿಷಯ, ಆರೋಗ್ಯದ ಹೆಸರಲ್ಲಿ ಹೇಳಿದ್ದಕ್ಕೆ ಸರಿಯಾದ ಪುರಾವೆ ಎಲ್ಲಿ ಅಂತ. ಕೊಂಡವರಿಗೆ ದುಡ್ಡು ವಾಪಸ್ ಹೋಯಿತು. ನಮ್ಮಲ್ಲೂ ಸುಳ್ಳು ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಆದರೆ ಶೋರೂಮ್ ಹುಡುಗ ಬಾಯಲ್ಲಿ ಹೇಳಿದ್ದನ್ನು ಹಿಡಿದುಕೊಂಡು ಯಾರು ಅಲೆಯುತ್ತಾರೆ?

ಈ ಅಂಗಡಿಯವರು ಏನು ಮಾಡಿದರು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಲ್ಕು ಸ್ಟಾರ್ ಕೊಡುತ್ತಿರುವುದೇ ಇದಕ್ಕೆ.

ಹೋಗಿದ್ದು ಬೆಳಿಗ್ಗೆ. "ಸಂಜೆ ಬನ್ನಿ ಅಮ್ಮ, ಓಡಾಡಿ ಕಾಲು ಸ್ವಲ್ಪ ಊದಿರುತ್ತೆ, ಆವಾಗ ಅಳತೆ ಸರಿಯಾಗಿ ಸಿಗೋದು" ಅಂತ ವಾಪಸ್ ಕಳಿಸಿದರು. ಮನೆ ಬಾಗಿಲಿಗೆ ಬಂದ ವ್ಯಾಪಾರ ಬಿಟ್ಟು ಕಳಿಸುವವರು ಎಷ್ಟು ಜನ ಇದ್ದಾರೆ? ಸಂಜೆ ಹೋದಾಗ ಅಮ್ಮನನ್ನು ಕೂರಿಸಲಿಲ್ಲ, ನಿಲ್ಲಿಸಿದರು. ಹಳೇ ಪೇಪರ್ ಹಾಸಿ ಎರಡೂ ಪಾದದ ಸುತ್ತ ಪೆನ್ಸಿಲ್ ಎಳೆದರು. ಬಲಗಾಲು ಎಡಗಾಲಿಗಿಂತ ಒಂದು ಚೂರು ದೊಡ್ಡದು. ದೊಡ್ಡ ಕಾಲಿನ ಅಳತೆಗೇ ಶೂ ತೆಗೆಯಬೇಕಂತೆ. ಆಮೇಲೆ ಶೂ ಒಳಗಿನ ಇನ್‌ಸೋಲ್ ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ಅಮ್ಮನನ್ನು ನಿಲ್ಲಿಸಿದರು. ಕಿರುಬೆರಳು ಅಂಚು ದಾಟಿ ಹೊರಗೆ ಬಂದಿತ್ತು. "ನೋಡಿ, ಉದ್ದ ಸರಿ ಇದೆ, ಅಗಲ ಸಾಲದು. ಇದನ್ನ ಹಾಕಿದ್ರೆ ವಾರದಲ್ಲಿ ಇಲ್ಲಿ ಉಜ್ಜುತ್ತೆ" ಅಂದರು. ಲೇಡೀಸ್ ಶೂಗಳೆಲ್ಲ ಮುಂದೆ ಕಿರಿದು ಅಂತ ಗಂಡಸರ 6ನೇ ಸೈಜ್ ತೆಗೆದರು. ಹಾಕುವ ಮೊದಲು ಕೈ ಒಳಗೆ ಬಿಟ್ಟು ಹೊಲಿಗೆ, ಗಂಟು ಎಲ್ಲಾದರೂ ಚುಚ್ಚುತ್ತದಾ ಅಂತ ಬೆರಳಲ್ಲಿ ಸವರಿ ನೋಡಿದರು. ದಿನಾ ಹಾಕುವ ಮುಂಚೆ ಹೀಗೇ ನೋಡಬೇಕು ಅಂತ ಅಮ್ಮನ ಕೈಯನ್ನೂ ಒಳಗೆ ಹಾಕಿಸಿದರು. ಶುಗರ್ ಇದ್ದವರಲ್ಲಿ ಎಷ್ಟೋ ಜನರಿಗೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರುತ್ತದೆ, ಸಣ್ಣ ಕಲ್ಲು ಸಿಕ್ಕಿದ್ದರೂ ಗೊತ್ತಾಗುವುದಿಲ್ಲ. ಬಗ್ಗಿ ಲೇಸ್ ಕಟ್ಟೋಕೆ ಆಗಲ್ಲ ಅಂತ ವೆಲ್ಕ್ರೋ ಪಟ್ಟಿಯದ್ದು. ಕಾಲ್ಚೀಲವೂ ಬಿಗಿ ಎಲಾಸ್ಟಿಕ್ ಇಲ್ಲದ್ದು ಕೊಟ್ಟರು.

ಎಂಆರ್‌ಪಿ 2,299. ಹತ್ತು ಪರ್ಸೆಂಟ್ ಬಿಟ್ಟು 2,069 ತಗೊಂಡರು. ಕೇಳದೇ ಬಿಲ್ ಕೊಟ್ಟರು. ಅಮ್ಮ ಸೀರೆ ಮೇಲೆ ಶೂ ಹಾಕಿಕೊಂಡು ಕನ್ನಡಿ ಮುಂದೆ ನಿಂತು ನಾಚಿಕೊಂಡಳು, ಬೇರೆ ಮಾತು.

ಅಲ್ಲಿ ಇನ್ನೂ ಹೊತ್ತು ಕೂತಿದ್ದಕ್ಕೆ ಕಾರಣ ಗಟ್ಟಿಂಗ್. ಮಗಳ ಬ್ಯಾಟ್ ಕೊಟ್ಟಿದ್ದೆ, ಮೆಷಿನ್ ಮೇಲೆ ಇತ್ತು. ಮಾತು ಬಂತು. ಈ ಚೀಟಿಯವರು ತುಂಬಾ ಜನ ಬರುತ್ತಾರಾ ಅಂತ ಕೇಳಿದೆ. "ಜಾಹೀರಾತು ನೋಡಿ ಬರೋರಿಗಿಂತ ಚೀಟಿ ಹಿಡ್ಕೊಂಡು ಬರೋರೇ ಜಾಸ್ತಿ ಮೇಡಂ ಈಗ. ಡಾಕ್ಟರ್ ಹೇಳಿದ್ರು ಅಂತ ಬರ್ತಾರೆ. ಅವ್ರು ಬಣ್ಣ ಕೇಳಲ್ಲ, ಕಂಪನಿ ಕೇಳಲ್ಲ. ಒಂದ್ವರ್ಷ ಆದ್ಮೇಲೆ ಸೋಲ್ ಸವೆಸ್ಕೊಂಡು ಮತ್ತೆ ಬರ್ತಾರೆ." ಈ ಕೊನೇ ಮಾತು ಮುಖ್ಯ. ಸೋಲ್ ಸವೆಸಿಕೊಂಡು ಬರುವ ಗಿರಾಕಿ ಅಂದರೆ ನಿಜವಾಗಿ ನಡೆದವರು.

ಅವರ ಕಪಾಟು ನೋಡಿದರೆ ಸರ್ಕಾರ ಆರೋಗ್ಯದ ಬಗ್ಗೆ ಏನೇನು ಹೇಳಿದೆ ಅಂತ ಓದಿಬಿಡಬಹುದು. ಮೇಲಿನ ಅರೆಯಲ್ಲಿ ಯೋಗ ಮ್ಯಾಟ್, ಪ್ಲಾಸ್ಟಿಕ್ ಕವರ್ ಮೇಲೆ ಧೂಳು. ಅದರ ಕೆಳಗೆ ಸ್ಕಿಪ್ಪಿಂಗ್ ಹಗ್ಗ, ಕೈಗೆ ಕಟ್ಟುವ ರಬ್ಬರ್ ಬ್ಯಾಂಡ್, ಸಣ್ಣ ಡಂಬ್ಬೆಲ್. ಅವು ಕೊರೋನಾ ಕಾಲದವು. ಕೈಗೆ ಸಿಗುವ ಎತ್ತರದಲ್ಲಿ ವಾಕಿಂಗ್ ಶೂ.

ಯೋಗದ ಕಥೆ ಕೇಳಿ. ಮೈಸೂರಿಗೆ ಯೋಗ ಹೊಸದಲ್ಲ, ಗೋಕುಲಂನಲ್ಲಿ ಅಷ್ಟಾಂಗ ಕಲಿಯೋಕೆ ವಿದೇಶದವರು ಎಷ್ಟೋ ವರ್ಷದಿಂದ ಬರುತ್ತಿದ್ದಾರೆ. 2014ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಜೂನ್ 21 ಯೋಗ ದಿನ ಅಂತ ಘೋಷಿಸಿದ ಮೇಲೆ ಊರಿಗೆ ಊರೇ ಮ್ಯಾಟ್ ಹಾಸಿತು. 2017ರಲ್ಲಿ ರೇಸ್‌ಕೋರ್ಸ್ ಮೈದಾನದಲ್ಲಿ 55 ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಆಸನ ಹಾಕಿ ಗಿನ್ನೆಸ್ ದಾಖಲೆ ಆಯಿತು. 2022ರಲ್ಲಿ ಪ್ರಧಾನಿಯೇ ಅರಮನೆ ಮುಂದೆ ಬಂದು ಕೂತರು. ಹಾಗಾದರೆ ನಿಮಗೆ ಭರ್ಜರಿ ವ್ಯಾಪಾರ ಅಲ್ವಾ ಅಂತ ಕೇಳಿದೆ. ಕೈ ಮುಗಿದರು. ಇಂಥ ಕಾರ್ಯಕ್ರಮಕ್ಕೆ ಟಿ-ಶರ್ಟ್, ಮ್ಯಾಟ್ ಎಲ್ಲ ಒಟ್ಟಿಗೆ ತರಿಸುತ್ತಾರೆ, ಬಿಟ್ಟಿ ಹಂಚುತ್ತಾರೆ. ಬಿಟ್ಟಿ ಬಿಳಿ ಟಿ-ಶರ್ಟ್ ಮನೆಗೆ ಬಂದ ಮೇಲೆ ಅದೇ ವರ್ಷ ಇನ್ನೊಂದು ಟಿ-ಶರ್ಟ್ ಯಾರು ಕೊಳ್ಳುತ್ತಾರೆ? ಜೂನ್ ಮೊದಲ ಎರಡು ವಾರ ಮ್ಯಾಟ್ ಕೇಳಿಕೊಂಡು ಬರುತ್ತಾರೆ, 22ನೇ ತಾರೀಕಿಗೆ ಮ್ಯಾಟ್ ಅನ್ನುವ ಮಾತೇ ಇಲ್ಲ. ತರಿಸಿದ್ದು ಮುಂದಿನ ಜೂನ್‌ವರೆಗೆ ಅಲ್ಲೇ.

ನಾನು ಮ್ಯಾಟ್ ಬೇಡ ಅಂದಿದ್ದು ಇದಕ್ಕೇ. ತೆಳ್ಳಗಿನ ಫೋಮ್, ಎರಡು ಮೂರು ವರ್ಷ ಸುತ್ತಿಟ್ಟಿದ್ದು. ಬಿಡಿಸಿ ಹಾಸಿದರೆ ತುದಿ ಮತ್ತೆ ಸುರುಳಿ ಸುತ್ತಿಕೊಳ್ಳುತ್ತದೆ. ಬೆವರು ಕೈ ಇಟ್ಟರೆ ಜಾರುತ್ತದೆ. ಅಧೋಮುಖ ಶ್ವಾನಾಸನದಲ್ಲಿ ನಿಂತು ನೋಡಿ ಬೇಕಾದರೆ. 600 ರೂಪಾಯಿ ಹೇಳುತ್ತಾರೆ, ಅದಕ್ಕಿಂತ ಒಂದು ಜಮಖಾನ ವಾಸಿ. ಗೋಕುಲಂ ಕಡೆಯ ಅಂಗಡಿಗಳಲ್ಲಿ ರಬ್ಬರಿನ ಒಳ್ಳೇ ಮ್ಯಾಟ್ ಸಿಗುತ್ತದೆ, ದುಬಾರಿ, ಆದರೆ ಬಾಳುತ್ತದೆ.

ಒಂದು ದಿನದ ಸಂಭ್ರಮಕ್ಕೂ ಹೆದರಿಕೆಗೂ ವ್ಯಾಪಾರದಲ್ಲಿ ಎಷ್ಟು ವ್ಯತ್ಯಾಸ ನೋಡಿ. 2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಸಾಲುಸಾಲು ಹೃದಯಾಘಾತದ ಸಾವಿನ ಸುದ್ದಿ ಟಿವಿಯಲ್ಲಿ ದಿನವಿಡೀ ಓಡಿತಲ್ಲ, ಆಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಸರ್ಕಾರ ತಜ್ಞರ ಸಮಿತಿ ಮಾಡಿತು. ಆ ಸಾಲಿನಲ್ಲಿ ನಿಂತು ಇಸಿಜಿ ಮಾಡಿಸಿಕೊಂಡವರು, ಏನೂ ಇಲ್ಲ ಅನಿಸಿಕೊಂಡವರು ಕೂಡ, ಸೀದಾ ಶೂ ಅಂಗಡಿಗೆ ಬಂದರಂತೆ. ಗಂಡಸರ 8, 9ನೇ ಸೈಜ್ ಖಾಲಿ. "ಮೂವತ್ತೈದು ನಲವತ್ತರ ಹುಡುಗ್ರು ಮೇಡಂ, ಐಟಿಯವ್ರು. ಇದ್ದಿದ್ದರಲ್ಲಿ ಜಾಸ್ತಿ ರೇಟಿಂದು ಕೊಡಿ ಅಂತಾರೆ!" ದಸರಾ ಬರುವ ಹೊತ್ತಿಗೆ ಆ ಬಿರುಸು ಇಳಿದಿತ್ತು. ಆ ಶೂಗಳಲ್ಲಿ ಎಷ್ಟು ಕೆರೆ ಏರಿ ಮೇಲೆ ಓಡಾಡುತ್ತಿವೆ, ಎಷ್ಟು ಆಫೀಸಿಗೆ ಹೋಗುತ್ತಿವೆ, ನೀವೇ ಊಹಿಸಿ.

ಕೊರೋನಾ ಬಗ್ಗೆ ಮಾತಾಡುವಾಗ ಮಾತ್ರ ಮಾಲೀಕರು ನಗಲಿಲ್ಲ. 2020ರ ಮಾರ್ಚ್ ಕೊನೆಗೆ ಬೀಗ. ಬೇಸಿಗೆ ರಜೆಯ ಸ್ಟಾಕ್ ಆಗಷ್ಟೇ ಬಂದಿತ್ತು, ಕ್ರಿಕೆಟ್ ಬ್ಯಾಟು, ಈಜು ಚಡ್ಡಿ, ಸ್ಕೇಟಿಂಗ್. ಒಂದೂ ಹೋಗಲಿಲ್ಲ. ಈಜುಕೊಳಗಳಂತೂ ತಿಂಗಳುಗಟ್ಟಲೆ ಮುಚ್ಚಿದ್ದವು. ದೊಡ್ಡವರ ಕಥೆ ಬೇರೆ ಇತ್ತು ಅಂದುಕೊಂಡರೆ ಅಲ್ಲೂ ಹಾಗೇ. ಆ ವರ್ಷ ಮೇ ಕೊನೆಗೆ ಮುಗಿದ ಮೂರು ತಿಂಗಳಲ್ಲಿ ನೈಕಿ ಕಂಪನಿಯ ಆದಾಯ 38% ಕುಸಿಯಿತು, 79 ಕೋಟಿ ಡಾಲರ್ ನಷ್ಟ. ಅವರ ಸ್ವಂತ ಅಂಗಡಿಗಳಲ್ಲಿ ಬಹುಪಾಲು ಎಂಟು ವಾರದಷ್ಟು ಮುಚ್ಚಿದ್ದವು. ಆದರೆ ಅದೇ ಮೂರು ತಿಂಗಳಲ್ಲಿ ಅವರ ಆನ್‌ಲೈನ್ ಮಾರಾಟ 75% ಏರಿತು, ಅದರ ಮುಂದಿನ ಹಣಕಾಸು ವರ್ಷದಲ್ಲಿ ಒಟ್ಟು ವ್ಯಾಪಾರ 19% ಮೇಲೆ ಹೋಯಿತು. ಬಾಗಿಲು ಎರಡೂ ಕಡೆ ಮುಚ್ಚಿತು. ಆಪ್ ಇದ್ದವರು ಎದ್ದರು, ಶಟರ್ ಮಾತ್ರ ಇದ್ದವರು ಬಡ್ಡಿ ಕಟ್ಟಿದರು.

ನಮ್ಮ ಅಂಗಡಿಯವರನ್ನು ಉಳಿಸಿದ್ದು ಜಿಮ್‌ಗಳು ಮುಚ್ಚಿದ್ದು! ಜಿಮ್, ಯೋಗ ಕೇಂದ್ರ ತೆರೆಯೋಕೆ ಅನುಮತಿ ಬಂದಿದ್ದು 2020ರ ಆಗಸ್ಟ್ 5ಕ್ಕೆ. ಅಂಗಡಿ ತೆರೆದದ್ದಕ್ಕೂ ಜಿಮ್ ತೆರೆದದ್ದಕ್ಕೂ ನಡುವೆ ಸಿಕ್ಕಿದ ವಾರಗಳಲ್ಲಿ ಡಂಬ್ಬೆಲ್, ಹಗ್ಗ, ಕೇರಂ ಬೋರ್ಡು, ಶಟಲ್ ಕಾಕ್, ಏನಿಟ್ಟರೂ ಹೋಯಿತಂತೆ. ಮಹಡಿ ಮೇಲೆ ಶಟಲ್ ಆಡಿದ್ದು ನೆನಪಿದೆಯಲ್ಲ ಎಲ್ಲರಿಗೂ? ಅದನ್ನು ನಂಬಿ ಅವರು ಇನ್ನಷ್ಟು ಡಂಬ್ಬೆಲ್ ತರಿಸಿದರು. ಜಿಮ್ ತೆರೆಯಿತು. ಆ ಡಂಬ್ಬೆಲ್ ಈಗಲೂ ಕೆಳಗಿನ ಅರೆಯಲ್ಲಿ ಕೂತಿದೆ, ಚೌಕಾಸಿ ಮಾಡಿ, ಬಿಡುತ್ತಾರೆ.

ಎರಡನೇ ಅಲೆಯಲ್ಲಿ ಇನ್ನೊಂದು ವಿಚಿತ್ರ. 2021ರ ಜೂನ್ 14ರಿಂದ ರಾಜ್ಯದ 19 ಜಿಲ್ಲೆಗಳಲ್ಲಿ ನಿರ್ಬಂಧ ಸಡಿಲ ಆಯಿತು, ಬೆಳಿಗ್ಗೆ 5ರಿಂದ 10ರವರೆಗೆ ಪಾರ್ಕಿನಲ್ಲಿ ವಾಕಿಂಗ್, ಜಾಗಿಂಗ್ ಮಾಡಬಹುದು ಅಂತ. ಸೋಂಕು ಜಾಸ್ತಿ ಇದ್ದ 11 ಜಿಲ್ಲೆಗಳಿಗೆ ಅದು ಇರಲಿಲ್ಲ. ಮೈಸೂರು, ಮಂಡ್ಯ ಎರಡೂ ಆ ಹನ್ನೊಂದರಲ್ಲಿ. ಬೆಂಗಳೂರು ನಗರದಲ್ಲಿ ಪಾರ್ಕ್ ತೆರೆದಾಗ ನಮ್ಮಲ್ಲಿ ಗೇಟು ಬಂದ್. ಸೋಂಕಿನ ಲೆಕ್ಕದಲ್ಲಿ ಅದು ಸರಿಯೇ ಇರಬಹುದು, ನಾನು ತಕರಾರು ತೆಗೆಯುತ್ತಿಲ್ಲ. ಆದರೆ ನೂರೈವತ್ತು ಕಿಲೋಮೀಟರ್ ಆಚೆ ಅದೇ ಡಿಸ್ಟ್ರಿಬ್ಯೂಟರ್ ಶೂ ಮಾರುತ್ತಿದ್ದಾಗ ಇವರು ಬಾಡಿಗೆ ಕಟ್ಟಿಕೊಂಡು ಕೂತಿದ್ದರು.

ಇಲ್ಲೊಂದು ಎಚ್ಚರಿಕೆ, ಎಲ್ಲ ಅಂಗಡಿಗೂ ಸೇರಿ. ಶೂ ಬಾಕ್ಸ್ ಮೇಲೆ ತಯಾರಾದ ತಿಂಗಳು, ವರ್ಷ ಇರುತ್ತದೆ. ನೋಡಿ ತಗೊಳ್ಳಿ. ಕೆಲವು ಸೋಲ್ ಪಾಲಿಯುರೆಥೇನ್‌ನದ್ದು, ಪಿಯು ಅಂತಾರೆ. ಹಾಕದೇ ಇಟ್ಟರೂ ಗಾಳಿಯ ತೇವಕ್ಕೆ ವರ್ಷಗಳ ಮೇಲೆ ಅದು ಒಳಗಿಂದ ಹಾಳಾಗುತ್ತದೆ. ಹೊಸ ಶೂ ಹಾಕಿಕೊಂಡು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಸೋಲ್ ಪುಡಿಪುಡಿಯಾಗಿ ಉದುರಿದವರನ್ನು ನೋಡಿದ್ದೇನೆ. ಡಿಸ್ಕೌಂಟ್ ಅಂತ ಅರ್ಧ ರೇಟಿಗೆ ಕೊಡುವ ಶೂ ಎಷ್ಟೋ ಸಲ ಇಂಥದ್ದೇ. ಈ ಅಂಗಡಿಯಲ್ಲಿ ಕೇಳಿದರೆ ಬಾಕ್ಸ್ ತಂದು ತೋರಿಸುತ್ತಾರೆ. ಕೇಳದಿದ್ದರೆ ತೋರಿಸುವುದಿಲ್ಲ, ಅದಕ್ಕೆ ಅರ್ಧ ಸ್ಟಾರ್ ಕಟ್.

ಇನ್ನು ರೇಟಿನ ವಿಷಯ. ಜನ ನಡೆಯಲಿ ಅಂತ ಒಂದು ಕೈಯಲ್ಲಿ ಹೇಳಿ ಇನ್ನೊಂದು ಕೈಯಲ್ಲಿ ಶೂ ತೆರಿಗೆ ಏರಿಸಿದ್ದೂ ಇದೇ ಸರ್ಕಾರಗಳೇ. 2019ರ ಆಗಸ್ಟ್ 29ಕ್ಕೆ ಜನ ಮೈ ಬಗ್ಗಿಸಲಿ ಅಂತ ಕೇಂದ್ರದ ಫಿಟ್ ಇಂಡಿಯಾ ಅಭಿಯಾನ ಶುರುವಾಯಿತು. 2022ರ ಜನವರಿ 1ರಿಂದ ಸಾವಿರ ರೂಪಾಯಿ ಒಳಗಿನ ಶೂ, ಚಪ್ಪಲಿಗೆ ಜಿಎಸ್‌ಟಿ 5ರಿಂದ 12% ಆಯಿತು. ಬಟ್ಟೆಗೂ ಏರಿಸಬೇಕೆಂದಿದ್ದರು, ಗಲಾಟೆ ಆಗಿ ಕೊನೇ ಗಳಿಗೆಯಲ್ಲಿ ಕೈಬಿಟ್ಟರು, ಶೂಗೆ ಮಾತ್ರ ಬಿತ್ತು. ಸಾವಿರದ ಒಳಗಿನ ಶೂ ಯಾರು ಹಾಕುತ್ತಾರೆ? ಚೀಟಿ ಹಿಡಿದು ಬರುವ ಅಮ್ಮನಂಥವರೇ. 2025ರ ಸೆಪ್ಟೆಂಬರ್ 22ರಿಂದ ಚಿತ್ರ ಬದಲಾಯಿತು, ಜೋಡಿಗೆ 2,500 ರೂಪಾಯಿವರೆಗೆ 5%, ಅದರ ಮೇಲೆ 18%. ಬಟ್ಟೆಗೂ ಇದೇ 2,500ರ ಗೆರೆ. ಜಿಮ್, ಯೋಗ ಕ್ಲಾಸಿನ ಫೀಸಿನ ಮೇಲಿನ ಜಿಎಸ್‌ಟಿ ಕೂಡ 18ರಿಂದ 5ಕ್ಕೆ ಇಳಿಯಿತು. ಕ್ರಿಕೆಟ್ ಬ್ಯಾಟಿಗೆ 12 ಇದ್ದದ್ದು 5. ಆದರೆ ವ್ಯಾಯಾಮದ ಸಲಕರಣೆಗೆ 18% ಹಾಗೇ ಉಳಿಯಿತು. ಆಟ ಆಡಿದರೆ ಅಗ್ಗ, ಕಸರತ್ತು ಮಾಡಿದರೆ ದುಬಾರಿ. ಯಾರು ಕೂತು ಯೋಚನೆ ಮಾಡಿದರೋ!

ಈ 2,500ರ ಗೆರೆ ಅಂಗಡಿಯಲ್ಲಿ ಕಣ್ಣಿಗೆ ಕಾಣುತ್ತದೆ. 2,199, 2,299, 2,499, ಹೀಗೆ ಸಾಲಾಗಿ ಜೋಡಿಸಿಟ್ಟಿದ್ದಾರೆ. ಮೂರು ಸಾವಿರದ ಆಸುಪಾಸಿನದ್ದು ತರಿಸುವುದನ್ನೇ ಕಮ್ಮಿ ಮಾಡಿದ್ದಾರೆ. "ಆ ರೇಟಲ್ಲಿ ಸಿಕ್ಕಾಕೊಂಡ್ರೆ ಆಚೆಗೂ ಇಲ್ಲ, ಈಚೆಗೂ ಇಲ್ಲ" ಅಂದರು. ದಿನಾ ಅರ್ಧ ಗಂಟೆ ನಡೆಯುವವರಿಗೆ ನಿಜವಾಗಿ ಈ ಬೆಲೆಯ ಶೂ ಸಾಕು. ಮ್ಯಾರಥಾನ್ ಓಡುವವರಿಗೆ ಇಲ್ಲಿ ಆಯ್ಕೆ ಕಡಿಮೆ, ಬೆಂಗಳೂರಿಗೆ ಹೋಗಬೇಕು ಇಲ್ಲ ಆನ್‌ಲೈನ್ ತರಿಸಬೇಕು.

ಸೈಜ್ ಸಿಗದ ಸಮಸ್ಯೆ ಇದೆ. ಗಂಡಸರ 11, ಹೆಂಗಸರ 3, ಅಗಲ ಪಾದದವು, ಇವು ಕೇಳಿದರೆ "ಬರ್ಬೇಕು" ಅನ್ನುತ್ತಾರೆ. ಅವರ ಪ್ರಕಾರ ಇದಕ್ಕೂ ಒಂದು ಆದೇಶ ಕಾರಣ. 2024ರ ಆಗಸ್ಟ್ 1ರಿಂದ ಪಾದರಕ್ಷೆಗಳಿಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ಗುಣಮಟ್ಟದ ನಿಯಮ ಜಾರಿಗೆ ಬಂತು. ಸಣ್ಣ ತಯಾರಕರಿಗೆ ವಿನಾಯಿತಿ ಬಿಟ್ಟರೆ ಹೊಸದಾಗಿ ತಯಾರಾಗುವ ಶೂಗೆ ಐಎಸ್‌ಐ ಗುರುತು ಬೇಕು, ಹೊರದೇಶದ ಫ್ಯಾಕ್ಟರಿಗೂ ಇಲ್ಲಿನ ಸರ್ಟಿಫಿಕೇಟ್ ಬೇಕು. ಸೋಲ್ ಬಾಗಿದರೆ ಸೀಳಬಾರದು, ಅಂಟು ಬಿಡಬಾರದು, ಹೀಗೆ ಪರೀಕ್ಷೆ. ನಿಯಮ ಒಳ್ಳೆಯದೇ, ನನ್ನ ಮಗಳ ಹಳೇ ಶೂ ಮೊದಲ ಮಳೆಗೇ ಬಾಯಿಬಿಟ್ಟಿತ್ತು. ಆದರೆ ಕಂಪನಿಗಳು ಜಾಸ್ತಿ ಓಡುವ ಸೈಜಿಗೆ ಮೊದಲು ಕಾಗದಪತ್ರ ಮಾಡಿಸಿ, ಅಪರೂಪದ ಸೈಜು, ಮಾಡೆಲ್ ಎಲ್ಲ ಆಮೇಲೆ ನೋಡೋಣ ಅಂತ ಬಿಟ್ಟರು ಅನ್ನುತ್ತಾರೆ ಇವರು. ಅಷ್ಟೇ ಕಾರಣವಾ, ದುಡ್ಡು ಹೂಡೋಕೆ ಹಿಂಜರಿಕೆಯೂ ಇದೆಯಾ, ನನಗೆ ಸ್ವಲ್ಪ ಅನುಮಾನ. ಏಕೆಂದರೆ ಗಂಡಸರ 8ನೇ ಸೈಜ್ ಅಂಗಡಿ ತುಂಬಾ ಇದೆ.

ಈಗ ಬೈಗುಳ. ಹೆಂಗಸರ ಬಟ್ಟೆ.

ಒಂದು ಮೂಲೆ, ಎರಡು ರ‍್ಯಾಕ್. ಎಲ್ಲ ಗುಲಾಬಿ, ಇಲ್ಲಾ ನೇರಳೆ. ಮೈಗೆ ಅಂಟುವ ಟೈಟ್ಸ್ ಮೀಡಿಯಂವರೆಗೆ, ಅದರ ಮೇಲೆ ಸೈಜೇ ಇಲ್ಲ. ಉದ್ದ ತೋಳಿನ ಸಡಿಲ ಟಾಪ್ ಒಂದೂ ಇಲ್ಲ. ಜೇಬಿರುವ ಟ್ರ್ಯಾಕ್ ಪ್ಯಾಂಟ್ ಕೇಳಿದರೆ ಗಂಡಸರದ್ದು ತೋರಿಸುತ್ತಾರೆ. ಸ್ಪೋರ್ಟ್ಸ್ ಬ್ರಾ ಕೇಳೋಣ ಅಂದರೆ ಕೌಂಟರಿನಲ್ಲಿ ಇಬ್ಬರು ಹುಡುಗರು, ಅವರೂ ಮುಜುಗರ ಪಡುತ್ತಾರೆ, ನಾವೂ ಪಡುತ್ತೇವೆ. ಹಾಕಿ ನೋಡುವ ಕೋಣೆ ಅಂದರೆ ಗೋಡೌನಿಗೆ ಕಟ್ಟಿದ ಪರದೆ, ಅದರ ಹಿಂದೆ ಕ್ರಿಕೆಟ್ ಕಿಟ್‌ಗಳ ರಾಶಿ. "ಹೆಂಗಸ್ರು ಕೊಳ್ಳಲ್ಲ ಮೇಡಂ, ಚೂಡಿದಾರಲ್ಲೇ ವಾಕ್ ಮಾಡ್ತಾರೆ" ಅಂದರು ಮಾಲೀಕರು. ಇಟ್ಟರೆ ತಾನೇ ಸಾರ್ ಕೊಳ್ಳೋದು? ನಮಗೆ ಆಗುವ ಸೈಜ್ ಇಟ್ಟು, ಹಾಕಿ ನೋಡೋಕೆ ಒಂದು ಬಾಗಿಲಿರುವ ಕೋಣೆ ಕೊಟ್ಟು, ಒಬ್ಬ ಹುಡುಗಿಯನ್ನು ಕೆಲಸಕ್ಕೆ ಇಟ್ಟುಕೊಂಡು ಆಮೇಲೆ ಹೇಳಲಿ.

ಆದರೆ ಪೂರ್ತಿ ತಪ್ಪು ಇವರದ್ದೂ ಅಲ್ಲ. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ 2024ರಲ್ಲಿ ಬಂದ ಲೆಕ್ಕದ ಪ್ರಕಾರ ನಮ್ಮ ದೇಶದ ದೊಡ್ಡವರಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಸಾಕಷ್ಟು ಮೈ ಬಗ್ಗಿಸುವುದಿಲ್ಲ, ಗಂಡಸರಲ್ಲಿ 42%, ಹೆಂಗಸರಲ್ಲಿ 57%. ಮನೆಕೆಲಸ ಮಾಡುತ್ತಾರಲ್ಲ ಅಂತ ಕೇಳಬೇಡಿ, ಕೆಲಸದ ಓಡಾಟವನ್ನೂ ಸೇರಿಸಿಯೇ ಮಾಡಿದ ಲೆಕ್ಕ ಅದು. ಹೊರಗೆ ಬರೋಕೆ ನಮಗೆ ಬೆಳಕಿರುವ ದಾರಿ, ಜನ ಇರುವ ಹೊತ್ತು, ಒಂದು ಶೌಚಾಲಯ ಬೇಕು. ಕುಕ್ಕರಹಳ್ಳಿ, ಲಿಂಗಾಂಬುಧಿ ಕೆರೆ ಸುತ್ತ ಬೆಳಿಗ್ಗೆ ನೋಡಿ, ಹೆಂಗಸರು ಗುಂಪುಗುಂಪಾಗಿ ನಡೆಯುತ್ತಾರೆ. ಬೆಳಕು ಇಳಿದ ಮೇಲೆ ನೋಡಿ, ಎಲ್ಲ ಗಂಡಸರೇ. ಬಡಾವಣೆ ಪಾರ್ಕುಗಳಲ್ಲಿ ಹಳದಿ ನೀಲಿ ಬಣ್ಣದ ಓಪನ್ ಜಿಮ್ ಹಾಕಿದ ಮೇಲೆ, ನಮ್ಮ ಕುವೆಂಪುನಗರದಲ್ಲೇ, ಸಂಜೆ ಐದಕ್ಕೆ ಅಜ್ಜಿಯರೆಲ್ಲ ಬಂದು ಆ ತಿರುಗುವ ಚಕ್ರ ತಿರುಗಿಸುತ್ತಾರೆ. ಅವರಲ್ಲಿ ಎಷ್ಟೋ ಜನ ಈಗ ಶೂ ಹಾಕುತ್ತಾರೆ, ಸೀರೆ ಮೇಲೇ. ಯಾವ ಟಿ-ಶರ್ಟ್ ಹಂಚಿಕೆಯೂ ಇದನ್ನು ಮಾಡಲಿಲ್ಲ. ಒಂದು ದೀಪದ ಕಂಬ, ನಾಲ್ಕು ಕಬ್ಬಿಣದ ಸಲಕರಣೆ, ಮಟ್ಟಸವಾದ ಕಲ್ಲುಹಾಸು ಮಾಡಿತು. ಈ ಲೆಕ್ಕ ಮಾಲೀಕರಿಗೂ ಗೊತ್ತು. ಕೆರೆ ದಾರಿ ರಿಪೇರಿಗೆ ಅಂತ ಗೇಟ್ ಮುಚ್ಚಿದಾಗೆಲ್ಲ ತಮ್ಮ ವಾಕಿಂಗ್ ಶೂ ಮಾರಾಟ ಇಳಿಯುತ್ತದೆ ಅಂತ ಅವರೇ ಹೇಳಿದರು. ಹಾಗಿದ್ದೂ ಆ ಗೇಟಿನ ಒಳಗೆ ಬೆಳಿಗ್ಗೆ ಯಾರು ನಡೆಯುತ್ತಾರೆ ಅಂತ ಒಮ್ಮೆ ಹೋಗಿ ನೋಡಿದ್ದರೆ ಗುಲಾಬಿ ಟೈಟ್ಸ್ ತರಿಸುತ್ತಿರಲಿಲ್ಲ.

ಮಕ್ಕಳದ್ದು ಬೇಗ ಹೇಳಿ ಮುಗಿಸುತ್ತೇನೆ. ಶಾಲೆಯ ಪಿಟಿ ಶೂ ಚೆನ್ನಾಗಿವೆ, ಬೆಲೆ ಸರಿ ಇದೆ. ಜೂನ್ ಮೊದಲ ವಾರ ಹೋಗಬೇಡಿ, ಕಾಲಿಡೋಕೆ ಜಾಗ ಇರಲ್ಲ. ಮಕ್ಕಳಿಗೆ ದಿನಕ್ಕೆ 60 ನಿಮಿಷ ಆಟ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಪಿಟಿ ಪೀರಿಯಡ್ ಗಣಿತದ ಟೀಚರ್ ತಗೊಂಡು ಹೋಗುತ್ತಾರೆ. ಹಾಗಾಗಿ ಮಕ್ಕಳ ಶೂ ಸವೆಯುವುದೇ ಇಲ್ಲ, ಕಾಲು ಬೆಳೆದು ಚಿಕ್ಕದಾಗುತ್ತದೆ ಅಷ್ಟೇ ಅಂತ ಅಂಗಡಿಯ ಹುಡುಗ ಜೋಕ್ ಮಾಡಿದ.

ಉಳಿದದ್ದು. ಎಕ್ಸ್‌ಚೇಂಜ್ ಒಂದು ವಾರದ ಒಳಗೆ, ಬಾಕ್ಸ್ ಮತ್ತು ಬಿಲ್ ಬೇಕು, ಹೊರಗೆ ಹಾಕಿ ನಡೆದಿರಬಾರದು, ಮನೆಯೊಳಗೆ ಹಾಕಿ ನೋಡಬಹುದು. ದುಡ್ಡು ವಾಪಸ್ ಇಲ್ಲ. ಫೋನ್‌ಪೇ, ಗೂಗಲ್‌ಪೇ ನಡೆಯುತ್ತದೆ, ಕಾರ್ಡ್ ಮೆಷಿನ್ ಇದೆ, ಅದು ಕೆಟ್ಟಿದೆ ಅಂತ ಹೇಳುವುದೇ ಜಾಸ್ತಿ. ಸ್ಕೂಟರಿಗೆ ಜಾಗ ಇದೆ, ಕಾರು ಪಕ್ಕದ ಕ್ರಾಸಿನಲ್ಲಿ ಹಾಕಿ. ಒಳಗೆ ಹೋಗೋಕೆ ಮೂರು ಎತ್ತರದ ಮೆಟ್ಟಿಲು, ಹಿಡಿಕೆ ಇಲ್ಲ. ಮಂಡಿನೋವಿನವರಿಗೇ ಶೂ ಮಾರುವವರು ಒಂದು ಕಂಬಿ ಹಾಕಿಸಬಾರದಾ? ಹೇಳಿ ಬಂದಿದ್ದೇನೆ. ಗಟ್ಟಿಂಗ್ ದಾರದ ಮೇಲೆ 300ರಿಂದ ಶುರು, ಒಂದೂವರೆ ಗಂಟೆ ಅಂದರೆ ಎರಡು ಗಂಟೆ. ಹೆಂಗಸರಿಗೆ ಜೇಬಿರುವ ಟ್ರ್ಯಾಕ್ ಪ್ಯಾಂಟ್ ಡಬಲ್ ಎಕ್ಸ್‌ಎಲ್‌ವರೆಗೆ ತರಿಸುತ್ತೇನೆ ಅಂತ ನನ್ನ ನಂಬರ್ ಬರೆದುಕೊಂಡಿದ್ದಾರೆ. ಇನ್ನೂ ಫೋನ್ ಬಂದಿಲ್ಲ.